ಹಳೆಯ ಶಾಫ್ಟ್‌ಗಳಿರುವಾಗ ಹಟ್ಟಿಯಂಥ ಚಿನ್ನದ ಗಣಿಗೆ ಹೊಸ ಶಾಫ್ಟ್ ಏಕೆ, ಅದಕ್ಕೆ ಅಷ್ಟು ವರ್ಷ ಏಕೆ?

ಪ್ರಶ್ನೆ: ವಿಜ್ಞಾನ ಶಿಕ್ಷಕ, ಲಿಂಗಸುಗೂರು

ನಾನು ಲಿಂಗಸುಗೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ತಂದೆಯಂದಿರು ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು. ಹೊಸ ವೃತ್ತಾಕಾರದ ಶಾಫ್ಟ್‌ನ, ಅಂದರೆ ನೆಲದಿಂದ ನೇರವಾಗಿ ಕೆಳಗಿಳಿಯುವ ಗಣಿ ಬಾವಿಯ, ಮಾತು ನಮ್ಮ ಕಡೆ ಬಹುಕಾಲದಿಂದ ಕೇಳಿಬರುತ್ತಿದ್ದು, ಆ ಕುರಿತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಭೂಗತ ಗಣಿಗಾರಿಕೆಯನ್ನು ಹತ್ತಿರದಿಂದ ಬಲ್ಲವರು ಇಲ್ಲಿ ಇರಬಹುದೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಎಂದು ಗಣಿಗೆ ಈಗಾಗಲೇ ದಾರಿಗಳಿರುವಾಗ ಅವುಗಳಲ್ಲೇ ಒಂದನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಸಾಲದೆ? ಲಾರಿ ಹೋಗುವಂಥ ಇಳಿಜಾರು ಸುರಂಗ ಮಾಡಿಕೊಂಡರೆ ಬೇಗ ಮುಗಿಯುತ್ತದೆ ಎನ್ನುವವರಿದ್ದಾರೆ, ಅದು ನಿಜವೆ? ಬಾವಿ ತೋಡಿದಂತೆ ನೇರವಾಗಿ ಕೆಳಗಿಳಿಯುವ ಒಂದು ಕಿಲೋಮೀಟರ್ ರಂಧ್ರಕ್ಕೆ ಇಂದಿನ ಯಂತ್ರಗಳಿದ್ದೂ ಹಲವು ವರ್ಷ ಹಿಡಿಯುವುದೇಕೆ? ಕೊನೆಯದಾಗಿ, ಚಿನ್ನ ಇರುವ ರೀಫ್‌ನ, ಅಂದರೆ ಅದಿರಿನ ಪದರದ, ನೆತ್ತಿಯ ಮೇಲೆಯೇ ಶಾಫ್ಟ್ ಇಳಿಸದೆ ದೂರದಲ್ಲಿ ಇಳಿಸುವುದು ಏಕೆ? ಲೆಕ್ಕ ಹಾಕಿ ತೋರಿಸುವಂಥ ವಿವರಣೆ ಸಿಕ್ಕರೆ ತರಗತಿಯಲ್ಲಿ ಬಳಸಿಕೊಳ್ಳುತ್ತೇನೆ.

ಉತ್ತರ 1: ನಿವೃತ್ತ ಗಣಿ ಎಂಜಿನಿಯರ್

ನಾನು ಲೋಹದ ಗಣಿಗಳಲ್ಲಿ, ಅದರಲ್ಲೂ ಬಹುಪಾಲು ಶಾಫ್ಟ್ ಇಳಿಸುವ ಕೆಲಸದಲ್ಲಿ, ನೌಕರಿ ಮುಗಿಸಿದವನು. ಹಟ್ಟಿಯ ಒಳಗಿನ ಆಡಳಿತದ ವಿಷಯ ನನ್ನದಲ್ಲ. ಆದರೆ ನಿಮ್ಮ ಪ್ರಶ್ನೆಗಳು ಯಾವುದೇ ಆಳದ ಗಣಿಗೂ ಅನ್ವಯಿಸುವಂಥವಾದ್ದರಿಂದ ಉತ್ತರಿಸುತ್ತೇನೆ.

ಗಣಿಯ ಉತ್ಪಾದನೆಯನ್ನು ಕೊನೆಗೂ ನಿರ್ಧರಿಸುವುದು ಕೆಳಗೆ ಎಷ್ಟು ಅದಿರು ಒಡೆಯುತ್ತೀರಿ ಎಂಬುದಲ್ಲ, ಗಂಟೆಗೆ ಎಷ್ಟು ಟನ್ ಮೇಲೆತ್ತಬಲ್ಲಿರಿ ಎಂಬುದು. ಟನ್ನಿಗೆ 3 ಗ್ರಾಂ ಚಿನ್ನ ಇದೆ ಎಂದಿಟ್ಟುಕೊಳ್ಳಿ. 5 ಟನ್ ಹಿಡಿಯುವ ಸ್ಕಿಪ್, ಅಂದರೆ ಅದಿರು ಎತ್ತುವ ಪೆಟ್ಟಿಗೆ, ತುಂಬಿ ಬಂದರೆ ಅದರಲ್ಲಿರುವುದು 15 ಗ್ರಾಂ ಮಾತ್ರ, ಉಳಿದದ್ದೆಲ್ಲ ಕಲ್ಲು. ಆ ಕಲ್ಲನ್ನು ಎತ್ತಲೇಬೇಕು. 1000 ಮೀಟರ್ ಆಳದಿಂದ ತುಂಬುವ, ವೇಗ ಹಿಡಿಯುವ, ನಿಧಾನಿಸುವ, ಸುರಿಯುವ ಹೊತ್ತೆಲ್ಲ ಸೇರಿ ಒಂದು ಸ್ಕಿಪ್‌ಗೆ ಎರಡೂವರೆ ನಿಮಿಷ ಎಂದರೆ ಗಂಟೆಗೆ 24 ಸ್ಕಿಪ್, ಅಂದರೆ 120 ಟನ್. ಒಂದು ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುವ ಜೋಡಿ ಸ್ಕಿಪ್ ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಅದೇ ಶಾಫ್ಟ್‌ನಲ್ಲಿ ಕಾರ್ಮಿಕರು ಇಳಿಯಬೇಕು, ಮರಮುಟ್ಟು, ಸ್ಫೋಟಕ, ಯಂತ್ರದ ಭಾಗಗಳು ಇಳಿಯಬೇಕು, ಪ್ರತಿದಿನ ಹಗ್ಗ ಮತ್ತು ಸ್ಕಿಪ್ ಓಲಾಡದಂತೆ ಹಿಡಿಯುವ ಗೈಡ್‌ಗಳ ತಪಾಸಣೆ ನಡೆಯಬೇಕು. ಹಳೆಯ ಶಾಫ್ಟ್‌ಗಳು ಅವುಗಳ ಕಾಲದ ಆಳಕ್ಕೂ ಅಂದಿನ ಉತ್ಪಾದನೆಗೂ ತಕ್ಕಂತೆ ಕಟ್ಟಿದವು. ಗಣಿ ಕೆಳಗಿಳಿದಂತೆಲ್ಲ ಪ್ರತಿ ಸ್ಕಿಪ್‌ನ ಪ್ರಯಾಣ ಉದ್ದವಾಗುತ್ತದೆ, ದಿನದ ಗಂಟೆಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಇದ್ದ ಶಾಫ್ಟನ್ನೇ ಆಳಗೊಳಿಸುವುದು ಸಾಧ್ಯವಿದೆ, ಬೇಕಾದಷ್ಟು ಕಡೆ ಮಾಡಿದ್ದಾರೆ. ಆದರೆ ಮೇಲೆ ಸ್ಕಿಪ್‌ಗಳು ಓಡುತ್ತಿರುವಾಗ ಕೆಳಗೆ ಜನ ಕೆಲಸ ಮಾಡಬೇಕಾದರೆ ನಡುವೆ ಗಟ್ಟಿ ಬಂಡೆಯ ಒಂದು ಹೊದಿಕೆಯನ್ನು ಬಿಡಬೇಕು ಅಥವಾ ಉಕ್ಕು ಮತ್ತು ಕಾಂಕ್ರೀಟಿನ ತಡೆ ಕಟ್ಟಬೇಕು. ಇದನ್ನು ಪೆಂಟಿಸ್ ಎನ್ನುತ್ತಾರೆ. ಕೆಳಗಿನ ಕಲ್ಲನ್ನು ಪಕ್ಕದ ಸುರಂಗದಿಂದ ಹೊರತೆಗೆದು ಅದೇ ಹಳೆಯ ವೈಂಡರ್‌ನಿಂದ, ಅಂದರೆ ಹಗ್ಗ ಸುತ್ತಿ ಎತ್ತುವ ಯಂತ್ರದಿಂದ, ಎತ್ತಬೇಕು. ಅಂದರೆ ಈಗಾಗಲೇ ಇಕ್ಕಟ್ಟಾಗಿರುವ ದಾರಿಯ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಎಲ್ಲ ಮುಗಿದು ಪೆಂಟಿಸ್ ಒಡೆಯುವ ದಿನಗಳಲ್ಲಿ ಉತ್ಪಾದನೆಯನ್ನೇ ನಿಲ್ಲಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ಶಾಫ್ಟ್‌ನ ಅಡ್ಡಳತೆ ಹಳೆಯದೇ ಆಗಿರುತ್ತದೆ, ಹೆಚ್ಚು ಗಾಳಿಯೂ ಬರುವುದಿಲ್ಲ, ಹೆಚ್ಚು ಅದಿರೂ ಏರುವುದಿಲ್ಲ.

ಇಳಿಜಾರು ಸುರಂಗದ ಮಾತಿನಲ್ಲಿ ಅರ್ಧ ನಿಜವಿದೆ. 7 ಮೀಟರಿಗೆ 1 ಮೀಟರ್ ಇಳಿಯುವ ಸುರಂಗ 1000 ಮೀಟರ್ ಆಳ ಮುಟ್ಟಲು 7 ಕಿಲೋಮೀಟರ್ ಸಾಗಬೇಕು. ಆಳ ಕಡಿಮೆ ಇರುವಾಗ ಇದು ಬಹಳ ಒಳ್ಳೆಯ ದಾರಿ, ಬೇಗ ಅದಿರು ಕೈಗೆ ಸಿಗುತ್ತದೆ. ಆಳ ಹೆಚ್ಚಿದಂತೆ ಲಾರಿಗಳ ಡೀಸೆಲ್ ಹೊಗೆ ಮತ್ತು ಶಾಖವನ್ನು ಹೊರಹಾಕಲು ಬೇಕಾಗುವ ಗಾಳಿಯೇ ದೊಡ್ಡ ಖರ್ಚಾಗುತ್ತದೆ. ಯಂತ್ರಗಳು ತಮ್ಮ ಚಕ್ರದ ಮೇಲೆ ಒಳಗೆ ಹೋಗಲು ಇಳಿಜಾರು, ಅದಿರು ಎತ್ತಲು ಶಾಫ್ಟ್ ಎಂದು ಎರಡನ್ನೂ ಇಟ್ಟುಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ಕ್ರಮ.

ಇನ್ನು ಕಾಲದ ಪ್ರಶ್ನೆ. ಒಳಗಿನ ಅಡ್ಡಳತೆ 6 ಮೀಟರ್ ಇರಬೇಕಾದರೆ ಸುತ್ತ 30 ಸೆಂಟಿಮೀಟರ್ ಕಾಂಕ್ರೀಟ್ ಗೋಡೆಗೆ ಜಾಗ ಬಿಟ್ಟು 6.6 ಮೀಟರ್ ಅಗಲಕ್ಕೆ ಬಂಡೆ ಒಡೆಯಬೇಕು. ಅದರ ವಿಸ್ತೀರ್ಣ ಸುಮಾರು 34 ಚದರ ಮೀಟರ್. ಹಟ್ಟಿ ಭಾಗದ ಶಿಸ್ಟ್ ಬಂಡೆಗೆ ಘನ ಮೀಟರಿಗೆ 2.8 ಟನ್ ಹಿಡಿದರೆ ಒಂದು ಮೀಟರ್ ಇಳಿಯಲು ಸುಮಾರು 96 ಟನ್ ಕಲ್ಲು. ಒಂದು ಸ್ಫೋಟಕ್ಕೆ ಎರಡೂವರೆ ಮೀಟರ್ ಇಳಿದರೆ 240 ಟನ್. 5 ಟನ್ ಹಿಡಿಯುವ ಕಿಬಲ್, ಅಂದರೆ ಹಗ್ಗಕ್ಕೆ ತೂಗುವ ದೊಡ್ಡ ಉಕ್ಕಿನ ಬಕೆಟ್, ಆ ಕಲ್ಲಿಗೆ 48 ಬಾರಿ ಏರಿಳಿಯಬೇಕು. ಆಳ ಹೆಚ್ಚಿದಷ್ಟೂ ಆ 48 ಪ್ರಯಾಣಗಳು ಉದ್ದವಾಗುತ್ತವೆ.

ತಳದಲ್ಲಿ ನಡೆಯುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಸ್ಫೋಟವಾದ ಮೇಲೆ ಹೊಗೆ ಹೋಗುವವರೆಗೆ ಯಾರೂ ಇಳಿಯುವುದಿಲ್ಲ. ಇಳಿದವರು ಮೊದಲು ಪಕ್ಕದ ಬಂಡೆಯಲ್ಲಿ ಸಡಿಲವಾಗಿ ನಿಂತಿರುವ ಕಲ್ಲುಗಳನ್ನು ಹಾರೆಯಿಂದ ಬೀಳಿಸುತ್ತಾರೆ. ಕಿಬಲ್ ತುಂಬಿದ ಕೂಡಲೇ ಮೇಲೆ ಕಳಿಸುವಂತಿಲ್ಲ. ಅದನ್ನು ಆಳುದ್ದ ಎತ್ತಿ ನಿಲ್ಲಿಸಿ, ತೂಗಾಟ ನಿಲ್ಲುವವರೆಗೆ ಹಿಡಿದು, ಅಂಚಿಗೂ ತಳಕ್ಕೂ ಅಂಟಿಕೊಂಡ ಕಲ್ಲು, ಕೆಸರನ್ನು ಕೆರೆದು ತೆಗೆದ ಮೇಲಷ್ಟೇ ಗಂಟೆಯ ಸಂಕೇತ ಕೊಡುತ್ತಾರೆ. ಏಕೆಂದರೆ ಐನೂರು ಮೀಟರ್ ಮೇಲಿನಿಂದ ಜಾರುವ ಮುಷ್ಟಿಗಾತ್ರದ ಕಲ್ಲನ್ನು ಯಾವ ಹೆಲ್ಮೆಟ್ಟೂ ತಡೆಯಲಾರದು. ಮೇಲೆ ಶಾಫ್ಟ್‌ನ ಬಾಯಿಯ ಬಾಗಿಲು ಮುಚ್ಚಿದ ಮೇಲೆಯೇ ಕಿಬಲ್ ಸುರಿಯಬೇಕು. ಕಲ್ಲೆಲ್ಲ ಹೋಗಿ ತಳ ತೊಳೆದ ನಂತರ ಹಿಂದಿನ ಸ್ಫೋಟದ ಪ್ರತಿ ರಂಧ್ರದ ಬುಡವನ್ನು ಹುಡುಕಿ, ಸಿಡಿಯದೆ ಉಳಿದ ಮದ್ದು ಇದೆಯೇ ಎಂದು ನೋಡಬೇಕು. ಹಳೆಯ ಬುಡದಲ್ಲಿ ಡ್ರಿಲ್ ಇಡುವುದು ಕಟ್ಟುನಿಟ್ಟಾಗಿ ನಿಷಿದ್ಧ. ಆಮೇಲೆ ಹೊಸ ರಂಧ್ರಗಳು, ಮದ್ದು ತುಂಬುವುದು, ಮತ್ತೆ ಸ್ಫೋಟ. ಇದರ ನಡುವೆ ಹಗ್ಗಗಳಿಗೆ ತೂಗುಬಿಟ್ಟ ಹಲವು ಅಂತಸ್ತಿನ ಸ್ಟೇಜ್ ಮೇಲಿಂದ ಗೋಡೆಗೆ ಕಾಂಕ್ರೀಟ್ ಸುರಿಯಬೇಕು, ಗಾಳಿಯ ಕೊಳವೆ, ಪಂಪಿನ ಕೊಳವೆ, ಕೇಬಲ್‌ಗಳನ್ನು ಉದ್ದಗೊಳಿಸುತ್ತ ಹೋಗಬೇಕು. ತಿಂಗಳಿಗೆ 40 ಮೀಟರ್ ಇಳಿದರೂ 1000 ಮೀಟರಿಗೆ ಎರಡು ವರ್ಷ ಮೀರುತ್ತದೆ. ಅದಕ್ಕೆ ಮೊದಲು ಶಾಫ್ಟ್ ಬಾಯಿ, ಹಗ್ಗದ ಗಾಲಿ ಹೊರುವ ಗೋಪುರವಾದ ಹೆಡ್‌ಗೇರ್, ವೈಂಡರ್ ಕಟ್ಟಲು, ನಂತರ ಗೈಡ್‌ಗಳನ್ನೂ ಸ್ಕಿಪ್‌ಗೆ ಅದಿರು ತುಂಬುವ ಲೋಡಿಂಗ್ ಪಾಕೆಟ್‌ಗಳನ್ನೂ ಕೂರಿಸಲು ಬೇಕಾದ ಕಾಲವನ್ನು ಸೇರಿಸಿಕೊಳ್ಳಿ.

ಉತ್ತರ 2: ಚಾಂಪಿಯನ್ ರೀಫ್ಸ್ ಮನೆತನದವರು, ಕೆ.ಜಿ.ಎಫ್.

ನಮ್ಮ ಮನೆಯಲ್ಲಿ ಎರಡು ತಲೆಮಾರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದಿದೆ. ಆದ್ದರಿಂದ ಹೊಸ ಶಾಫ್ಟ್‌ಗೆ ಬದಲಾಗಿ ಇದ್ದುದರ ಕೆಳಗೆ ಇನ್ನೊಂದು ಎಂದು ಇಳಿಯುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಸೇರಿಸಲು ಬಯಸುತ್ತೇನೆ.

ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಕೋಲಾರದ ಗಣಿಗಳನ್ನು ನಡೆಸಲು ಆರಂಭಿಸಿದಾಗ ಶಾಫ್ಟ್‌ಗಳು ರೀಫಿನ ಜೊತೆಜೊತೆಗೇ ಇಳಿದವು. ಚಿನ್ನ ಎಲ್ಲಿಯವರೆಗೆ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಹೋಗುತ್ತಲೇ ಇತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದ ಮೇಲೆ ಇನ್ನಷ್ಟು ಆಳಕ್ಕೆ ಇಳಿಯುವುದು ಸುಲಭವಾಯಿತು. ಕೊನೆಗೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ತಲುಪಿತು. ಗಿಫರ್ಡ್ ಶಾಫ್ಟ್‌ನಂಥ ದೊಡ್ಡ ವೃತ್ತಾಕಾರದ ಶಾಫ್ಟ್‌ಗಳನ್ನು ಆಮೇಲೆ ಇಳಿಸಿದರಾದರೂ ಕೆಳಗಿನ ಕೆಲಸಕ್ಕೆ ಮೇಲಿನ ಶಾಫ್ಟ್‌ನಿಂದ ಇಳಿದು, ಅಡ್ಡ ಸುರಂಗದಲ್ಲಿ ನಡೆದು, ಒಳಗಿನ ಇನ್ನೊಂದು ಶಾಫ್ಟ್‌ನಲ್ಲಿ ಮತ್ತೆ ಇಳಿಯಬೇಕಾಗಿತ್ತು. ಅದಿರೂ ಅದೇ ದಾರಿಯಲ್ಲಿ ಹಂತಹಂತವಾಗಿ ಬರಬೇಕು. ಪ್ರತಿ ಹಂತಕ್ಕೂ ಬೇರೆ ವೈಂಡರ್, ಬೇರೆ ಚಾಲಕ, ಅದಿರು ಕೂಡಿಡಲು ಬೇರೆ ಬಂಕರ್. ಒಂದು ಹಂತ ಕೆಟ್ಟರೆ ಅದರ ಕೆಳಗಿನದೆಲ್ಲ ನಿಲ್ಲುತ್ತದೆ. ಕಲ್ಲಿನ ಬಿಸಿ 65 ಡಿಗ್ರಿ ದಾಟುವ ಆ ಆಳದಲ್ಲಿ ಗಾಳಿಯೂ ಅದೇ ಅಂಕುಡೊಂಕು ದಾರಿಯಲ್ಲಿ ಬಂದು ಮುಟ್ಟುವಷ್ಟರಲ್ಲಿ ಬಿಸಿಯಾಗಿರುತ್ತಿತ್ತು. ಎಂಟು ಗಂಟೆಯ ಪಾಳಿಯಲ್ಲಿ ಡ್ರಿಲ್ ಹಿಡಿದು ನಿಲ್ಲುವ ಹೊತ್ತು ಎಷ್ಟು ಉಳಿಯುತ್ತದೆಂದು ನೀವೇ ಊಹಿಸಿ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದಕ್ಕೆ ಅದಿರಿನ ಗುಣ ಇಳಿದದ್ದು, ಚಿನ್ನದ ಬೆಲೆ ಎಂದು ಹಲವು ಕಾರಣ ಹೇಳುತ್ತಾರೆ, ಅವು ಸರಿಯೇ. ಆದರೆ ಒಂದು ಟನ್ ಅದಿರನ್ನು ಮೇಲೆ ತರಲು ತಗಲುವ ಖರ್ಚು ಆ ಕಾರಣಗಳ ನಡುವೆ ಕುಳಿತಿದೆ ಎಂಬುದನ್ನು ನಮ್ಮ ಹಿರಿಯರು ಯಾವಾಗಲೂ ಹೇಳುತ್ತಿದ್ದರು. ಹಟ್ಟಿಯವರು ಆಳ ಹೆಚ್ಚುವ ಮೊದಲೇ ದೊಡ್ಡ ಶಾಫ್ಟ್‌ನ ಯೋಚನೆ ಮಾಡಿದರೆ ಅದನ್ನು ದುಂದು ಎಂದು ಯಾರೂ ಕರೆಯಬಾರದು.

ಮತ್ತೆ ಪ್ರಶ್ನೆ: ವಿಜ್ಞಾನ ಶಿಕ್ಷಕ, ಲಿಂಗಸುಗೂರು

ಇಬ್ಬರಿಗೂ ಕೃತಜ್ಞತೆಗಳು. 48 ಕಿಬಲ್‌ಗಳ ಲೆಕ್ಕವನ್ನು ನಾಳೆಯೇ ಕರಿಹಲಗೆಯ ಮೇಲೆ ಬರೆಯುತ್ತೇನೆ. ಶಾಫ್ಟ್ ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆ ಉಳಿದಿದೆ. ಜೊತೆಗೆ ಇನ್ನೊಂದು: 6 ಮೀಟರಿಗೆ ಬದಲಾಗಿ 5 ಮೀಟರ್ ಅಗಲ ಸಾಕೆಂದರೆ ಖರ್ಚು ಬಹಳ ಉಳಿಯುವುದಿಲ್ಲವೆ?

ಉತ್ತರ 3: ಭೂವಿಜ್ಞಾನಿ, ಬೆಂಗಳೂರು

ಸ್ಥಳದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿಯಲ್ಲಿ ಚಿನ್ನದ ರೀಫ್‌ಗಳು ಒಂದರ ಪಕ್ಕ ಒಂದರಂತೆ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸಾಗುತ್ತ ಪಶ್ಚಿಮಕ್ಕೆ ಕಡಿದಾಗಿ ವಾಲಿ ಕೆಳಗಿಳಿಯುತ್ತವೆ. ನೆಲದ ಮೇಲೆ ರೀಫ್ ಕಾಣುವ ಜಾಗದಲ್ಲೇ ನೇರ ಶಾಫ್ಟ್ ಇಳಿಸಿದರೆ ಸ್ವಲ್ಪ ಆಳದಲ್ಲೇ ರೀಫ್ ಅದರಿಂದ ದೂರ ಸರಿದಿರುತ್ತದೆ. ವಾಲಿಕೆ 70 ಡಿಗ್ರಿ ಎಂದಿಟ್ಟುಕೊಂಡು ವಿದ್ಯಾರ್ಥಿಗಳಿಗೆ ತ್ರಿಕೋನಮಿತಿಯ ಲೆಕ್ಕ ಕೊಡಬಹುದು: 1000 ಮೀಟರನ್ನು ಟ್ಯಾನ್ 70 ಡಿಗ್ರಿಯಿಂದ ಭಾಗಿಸಿದರೆ ಸುಮಾರು 364 ಮೀಟರ್. ಅಷ್ಟು ಉದ್ದದ ಅಡ್ಡ ಸುರಂಗ ತೋಡದೆ ಆ ಆಳದಲ್ಲಿ ರೀಫ್ ಮುಟ್ಟುವುದಿಲ್ಲ.

ಹಾಗಾದರೆ ಶಾಫ್ಟನ್ನು ಪಶ್ಚಿಮಕ್ಕೆ ಸರಿಸಿ ಆಳದಲ್ಲಿ ರೀಫ್ ತಾನೇ ಎದುರಾಗುವಂತೆ ಮಾಡಬಹುದಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿ ಎರಡು ತೊಡಕುಗಳಿವೆ. ವಾಲಿದ ರೀಫಿನ ಮೇಲುಭಾಗದ ಬಂಡೆಗೆ ಹ್ಯಾಂಗಿಂಗ್ ವಾಲ್ ಎನ್ನುತ್ತೇವೆ. ಅದಿರು ತೆಗೆದಂತೆಲ್ಲ ಆ ಬಂಡೆ ಹಾಗೆ ಟೊಳ್ಳಾದ ಜಾಗಗಳ, ಅಂದರೆ ಸ್ಟೋಪ್‌ಗಳ, ಕಡೆಗೆ ನಿಧಾನವಾಗಿ ಕುಸಿಯುತ್ತ ಬರುತ್ತದೆ. ಕೆಲವೇ ಸೆಂಟಿಮೀಟರ್ ಚಲನೆಯೂ ಶಾಫ್ಟ್‌ನ ಗೈಡ್‌ಗಳನ್ನು ಸೊಟ್ಟಗಾಗಿಸಿ ಸ್ಕಿಪ್‌ಗಳ ವೇಗವನ್ನು ತಗ್ಗಿಸುತ್ತದೆ. ಎರಡನೆಯದಾಗಿ, ಶಾಫ್ಟ್ ರೀಫನ್ನು ಹಾದು ಹೋಗುವ ಕಡೆ ಅದರ ಸುತ್ತ ಅದಿರನ್ನು ತೆಗೆಯದೆ ಕಂಬದಂತೆ ಬಿಡಬೇಕು. ಅಷ್ಟು ಚಿನ್ನ ಗಣಿಯ ಆಯುಷ್ಯ ಮುಗಿಯುವವರೆಗೂ ಕೈಗೆ ಸಿಗುವುದಿಲ್ಲ. ಅಲ್ಲದೆ ಸುತ್ತೆಲ್ಲ ಟೊಳ್ಳಾದ ಮೇಲೆ ಒತ್ತಡವೆಲ್ಲ ಆ ಕಂಬದ ಮೇಲೆ ಬೀಳುತ್ತದೆ. ಬಂಡೆಸಿಡಿತಕ್ಕೆ ಹೆಸರಾದ ಕೋಲಾರದ ಗಣಿಗಳಲ್ಲಿ ಇಂಥ ಒತ್ತಡದ ಅಧ್ಯಯನಕ್ಕೇ ಬಹಳ ಕೆಲಸ ನಡೆಯಿತು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಆದ್ದರಿಂದ ಉದ್ದವಾದ ಅಡ್ಡ ಸುರಂಗಗಳ ಖರ್ಚನ್ನು ಒಪ್ಪಿಕೊಂಡು ರೀಫಿನ ಕೆಳಭಾಗದ ಗಟ್ಟಿ ಬಂಡೆಯಲ್ಲಿ, ಅಂದರೆ ಫುಟ್‌ವಾಲ್‌ನಲ್ಲಿ, ಶಾಫ್ಟ್ ಇಳಿಸುವುದು ರೂಢಿ.

ಹಟ್ಟಿಯಲ್ಲಿ ಇನ್ನೊಂದು ಎಚ್ಚರ ಬೇಕು. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದೆ ಕೈ ಉಳಿಯಿಂದಲೂ ಬೆಂಕಿಯಿಂದಲೂ ಬಂಡೆ ಒಡೆದು ಬಹಳ ಆಳಕ್ಕೆ ಇಳಿದಿದ್ದ ಪ್ರಾಚೀನರ ಗುಂಡಿಗಳು ಅಲ್ಲಿವೆ. ಅಂಥ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಜಾಗ ಗೊತ್ತುಮಾಡಿದ ಮೇಲೆ ಶಾಫ್ಟ್‌ನ ನಡುಗೆರೆಯಲ್ಲೇ ಪೂರ್ತಿ ಆಳಕ್ಕೆ ಒಂದು ಬೋರ್ ಕೊರೆದು ಕೋರ್, ಅಂದರೆ ಬಂಡೆಯ ಉದ್ದನೆಯ ಮಾದರಿ, ತೆಗೆದು ನೋಡಬೇಕು, ಇಳಿಯುವಾಗಲೂ ತಳದಿಂದ ಮುಂದಕ್ಕೆ ಉದ್ದನೆಯ ರಂಧ್ರಗಳನ್ನು ಕೊರೆಯುತ್ತ, ನೀರು ಸಿಕ್ಕರೆ ಸಿಮೆಂಟ್ ಹಾಲು ತುಂಬಿ ಬಿಗಿದ ಮೇಲಷ್ಟೇ ಮುಂದುವರಿಯಬೇಕು. ಈ ಬೋರ್‌ನ ಖರ್ಚನ್ನು ಉಳಿಸಲು ನೋಡುವವರನ್ನು ಶಾಫ್ಟ್‌ನ ಹತ್ತಿರ ಬಿಡಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಉತ್ತರ 4: ವೆಂಟಿಲೇಷನ್ ಎಂಜಿನಿಯರ್, ಜೋಹಾನ್ಸ್‌ಬರ್ಗ್

ಧಾರವಾಡ ಮೂಲದವನು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಗಾಳಿಯ ವ್ಯವಸ್ಥೆಯ ಕೆಲಸ ಮಾಡುತ್ತೇನೆ. 5 ಮೀಟರ್ ಮತ್ತು 6 ಮೀಟರಿನ ಪ್ರಶ್ನೆ ನನ್ನ ಕ್ಷೇತ್ರದ್ದು.

ವೃತ್ತದ ವಿಸ್ತೀರ್ಣ ಅಡ್ಡಳತೆಯ ವರ್ಗದಂತೆ ಬೆಳೆಯುವುದರಿಂದ 6 ಮೀಟರಿನ ಶಾಫ್ಟ್‌ಗೆ 5 ಮೀಟರಿನದಕ್ಕಿಂತ ಸುಮಾರು 1.4 ಪಟ್ಟು ಕಲ್ಲು ಒಡೆಯಬೇಕು. ಆದರೆ ಅಷ್ಟೇ ಗಾಳಿಯನ್ನು ದಾಟಿಸುವಾಗ ಶಾಫ್ಟ್ ಒಡ್ಡುವ ಪ್ರತಿರೋಧ ಅಡ್ಡಳತೆಯ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 1.2ರ ಐದನೆಯ ಘಾತ ಸುಮಾರು 2.5. ಅಂದರೆ 5 ಮೀಟರಿನ ಶಾಫ್ಟ್‌ನಲ್ಲಿ ಅಷ್ಟೇ ಗಾಳಿ ತಳ್ಳಲು ಎರಡೂವರೆ ಪಟ್ಟು ವಿದ್ಯುತ್ ಬೇಕು, ಅದೂ ಗಣಿ ಬದುಕಿರುವಷ್ಟು ಕಾಲ, ಹಗಲು ರಾತ್ರಿ. ಕಟ್ಟುವಾಗ ಉಳಿದ ಹಣ ಫ್ಯಾನ್‌ಗಳ ಬಿಲ್ಲಿನಲ್ಲಿ ಹೋಗುತ್ತದೆ. ಶಾಫ್ಟ್‌ನ ಅಡ್ಡಳತೆಯನ್ನು ಆಮೇಲೆ ತಿದ್ದಲು ಬರುವುದಿಲ್ಲ. ವೈಂಡರ್ ಬದಲಿಸಬಹುದು, ಸ್ಕಿಪ್ ಬದಲಿಸಬಹುದು, ಫ್ಯಾನ್ ಬದಲಿಸಬಹುದು, ಆದರೆ ಅಡ್ಡಳತೆ ಮತ್ತು ಜಾಗ ಈ ಎರಡು ಮಾತ್ರ ಮೊದಲ ದಿನದ ತೀರ್ಮಾನವಾಗಿಯೇ ಉಳಿಯುತ್ತವೆ. ಆದ್ದರಿಂದ ಆ ವರ್ಷದ ಚಿನ್ನದ ಬೆಲೆ ನೋಡಿ ಅಡ್ಡಳತೆ ನಿರ್ಧರಿಸುವುದನ್ನು ನಾನು ಎಂದೂ ಒಪ್ಪಲಾರೆ.

ವೇಗದ ಬಗ್ಗೆಯೂ ಒಂದು ಮಾತು. 1962ರಲ್ಲಿ ಇಲ್ಲಿನ ಬಫೆಲ್ಸ್‌ಫಾಂಟೀನ್ ಗಣಿಯಲ್ಲಿ ಒಂದೇ ತಿಂಗಳಲ್ಲಿ 381 ಮೀಟರ್ ಶಾಫ್ಟ್ ಇಳಿಸಿದ್ದರು. ಇಂದು ಯಾರೂ ಆ ವೇಗದ ಹತ್ತಿರ ಹೋಗುವುದಿಲ್ಲ, ಹೋಗಲೂಬಾರದು. ಅಂದು ತಳದಲ್ಲಿ ಜನ ಕಿಕ್ಕಿರಿದು ಕೆಲಸ ಮಾಡುತ್ತಿದ್ದ ಕ್ರಮ ಇಂದಿನ ಸುರಕ್ಷತೆಯ ಅಳತೆಗೆ ನಿಲ್ಲುವುದಿಲ್ಲ. ಸೌತ್ ಡೀಪ್ ಗಣಿಯ ಮುಖ್ಯ ಶಾಫ್ಟ್ ಒಂದೇ ಇಳಿತದಲ್ಲಿ 2,995 ಮೀಟರ್. ಅದು 1990ರ ದಶಕದ ನಡುವೆ ಆರಂಭವಾಗಿ 2004ರಲ್ಲಿ ಸಿದ್ಧವಾಯಿತು.

ಉತ್ತರ 5: ಗಣಿ ಡಿಪ್ಲೊಮಾ ಮುಗಿಸಿದವನು, ಬಳ್ಳಾರಿ

ಮೇಲಿನ ಎಲ್ಲ ಉತ್ತರಗಳನ್ನು ಗೌರವದಿಂದ ಓದಿದ ಮೇಲೂ ಒಂದು ಸಂದೇಹ ಉಳಿಯುತ್ತದೆ. ಹಿಂದೆ ಗಣಿಯೇ ಇಲ್ಲದ ಹೊಸ ಜಾಗದಲ್ಲಿ ಇಳಿಯುವವರಿಗೆ ಕಿಬಲ್ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಈಗಾಗಲೇ ಕೆಳಗೆ ಲೆವೆಲ್‌ಗಳು, ಅಂದರೆ ಬೇರೆ ಬೇರೆ ಆಳದ ಅಡ್ಡ ಸುರಂಗಗಳು, ಇರುವ ಗಣಿಯಲ್ಲಿ ರೈಸ್ ಬೋರಿಂಗ್ ಯಂತ್ರದಿಂದ ಮೊದಲು ಸಣ್ಣ ರಂಧ್ರ ಕೊರೆದು, ಕೆಳಗಿನಿಂದ ಮೇಲಕ್ಕೆ ಅಗಲಿಸುತ್ತ ಬಂದರೆ ಕಲ್ಲು ತಾನಾಗಿಯೇ ಕೆಳಗೆ ಬೀಳುತ್ತದೆ, ತಳದಲ್ಲಿ ಯಾರೂ ನಿಲ್ಲಬೇಕಾಗಿಲ್ಲ. ಇದು ಬೇಗವೂ ಅಲ್ಲವೆ, ಸುರಕ್ಷಿತವೂ ಅಲ್ಲವೆ?

ಉತ್ತರ 6: ನಿವೃತ್ತ ಗಣಿ ಎಂಜಿನಿಯರ್

ಬಳ್ಳಾರಿಯ ಮಿತ್ರರ ಸಂದೇಹ ನ್ಯಾಯವಾದದ್ದು, ಸುರಕ್ಷತೆಯ ವಿಷಯದಲ್ಲಿ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಗಾಳಿಯ ಶಾಫ್ಟ್‌ಗಳಿಗೆ ಇಂದು ಅದೇ ಮೊದಲ ಆಯ್ಕೆ. ಆದರೆ ಸ್ಕಿಪ್ ಓಡಿಸುವ ಶಾಫ್ಟ್ ಲಂಬದಿಂದ ಕದಲುವಂತಿಲ್ಲ. ನೂರಾರು ಮೀಟರ್ ಉದ್ದದ ಸಣ್ಣ ರಂಧ್ರ ಓರೆಯಾಗದಂತೆ ಕೊರೆಯಲು ದಿಕ್ಕು ತಿದ್ದುವ ಉಪಕರಣ ಬೇಕು. ಅಗಲಿಸಿದ ಮೇಲೆ ಗೋಡೆಯ ಬಂಡೆ ಲೈನಿಂಗ್ ಇಲ್ಲದೆ ಕೆಲಕಾಲ ತಾನೇ ನಿಲ್ಲುವಷ್ಟು ಗಟ್ಟಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗೆ ಬಿದ್ದ ಕಲ್ಲನ್ನು ಹಳೆಯ ಶಾಫ್ಟೇ ಮೇಲೆತ್ತಬೇಕು. 1000 ಮೀಟರಿಗೆ 96,000 ಟನ್ ಆಗುತ್ತದೆ, ಅದರಲ್ಲಿ ಒಂದು ಗ್ರಾಂ ಚಿನ್ನವೂ ಇಲ್ಲ. ಎತ್ತುವ ಸಾಮರ್ಥ್ಯ ಸಾಲದೆಂದೇ ಹೊಸ ಶಾಫ್ಟ್‌ಗೆ ಹೊರಟವರಿಗೆ ಈ ಹೊರೆ ಹೊರಲು ಆಗುತ್ತದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಖಾಲಿಯಾದ ಸ್ಟೋಪ್‌ಗಳಲ್ಲಿ ಆ ಕಲ್ಲನ್ನು ತುಂಬಲು ಸಾಧ್ಯವಿದ್ದರೆ ಅವರ ಸಲಹೆ ಗೆಲ್ಲುತ್ತದೆ.

ಶಿಕ್ಷಕರು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ಕಾರಣವನ್ನು ನಾವ್ಯಾರೂ ಬರೆಯಲಿಲ್ಲ. 1862ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಕಲ್ಲಿದ್ದಲು ಗಣಿಯಲ್ಲಿ ಪಂಪಿನ ಭಾರಿ ತೊಲೆ ಮುರಿದು ಇದ್ದ ಒಂದೇ ಶಾಫ್ಟ್‌ನೊಳಗೆ ಬಿದ್ದು ದಾರಿ ಮುಚ್ಚಿತು. ಒಳಗಿದ್ದವರಿಗೆ ಬೇರೆ ದಾರಿಯಿರಲಿಲ್ಲ, 204 ಜನ ಸತ್ತರು. ಗಣಿಗೆ ಎರಡು ಪ್ರತ್ಯೇಕ ನಿರ್ಗಮನಗಳಿರಬೇಕೆಂಬ ಕಾನೂನು ಅಲ್ಲಿಂದ ಬಂದದ್ದು, ನಮ್ಮ ದೇಶದ ಗಣಿ ನಿಯಮಗಳಲ್ಲೂ ಅದು ಇದೆ. ಗಣಿ ಆಳಕ್ಕೆ ಇಳಿದಂತೆ ಎರಡನೆಯ ದಾರಿಯೂ ಜೊತೆಯಲ್ಲೇ ಇಳಿಯಬೇಕು. ಕೊನೆಯ ಲೆವೆಲ್‌ನಲ್ಲಿ ಏಣಿಗಳ ಸಾಲನ್ನು ಹತ್ತಿ ಬರುವುದು ಕಾಗದದ ಮೇಲೆ ನಿರ್ಗಮನವೇ ಆದರೂ, ಹೊಗೆ ತುಂಬಿದ ಹೊತ್ತಿನಲ್ಲಿ ಐವತ್ತು ದಾಟಿದ ಕಾರ್ಮಿಕನೊಬ್ಬ ಏಣಿಯಿಂದ ನೂರಾರು ಮೀಟರ್ ಹತ್ತಲಾರ. ಹೊಸ ಶಾಫ್ಟ್‌ನ ನಕ್ಷೆ ಊರಿನವರ ಮುಂದೆ ಬಂದರೆ, ಪ್ರತಿ ಲೆವೆಲ್‌ನಿಂದಲೂ ಅದಕ್ಕೆ ಸಂಪರ್ಕ ಇದೆಯೇ, ಜನರನ್ನು ಎತ್ತುವ ಕೇಜ್‌ಗೆ ಸ್ಕಿಪ್‌ನಿಂದ ಬೇರೆಯಾದ ವೈಂಡರ್ ಇದೆಯೇ, ವಿದ್ಯುತ್ ಹೋದಾಗ ಅದನ್ನು ನಡೆಸಲು ಏನು ವ್ಯವಸ್ಥೆ ಎಂದು ಕೇಳುವಂತೆ ಗಣಿ ಕಾರ್ಮಿಕರ ಮಕ್ಕಳಿಗೆ ಈಗಿನಿಂದಲೇ ಕಲಿಸಿ.